ನಾಟಕ ಮುಗಿದ ಮೇಲೆ ಉಳಿಯುವ ದನಿ: ಬಿ.ವಿ. ಕಾರಂತರ ರಂಗಸಂಗೀತ

ರಂಗಗೀತೆಗಳ ಕಾರ್ಯಕ್ರಮಕ್ಕೆ ಈಗ ಒಂದು ಗೊತ್ತಾದ ಕ್ರಮವಿದೆ. ವೇದಿಕೆಯ ಒಂದು ಬದಿಗೆ ಕೀಬೋರ್ಡು, ಇನ್ನೊಂದು ಬದಿಗೆ ತಬಲಾ ಮತ್ತು ರಿದಂ ಪ್ಯಾಡು, ನಡುವೆ ಒಂದೇ ಬಣ್ಣದ ಜುಬ್ಬಾ, ಸೀರೆ ತೊಟ್ಟ ಆರೇಳು ಮಂದಿ. ನಿರೂಪಕರು ಮೈಕಿನ ಮುಂದೆ ಬಂದು, ಮುಂದಿನ ಗೀತೆ ‘ಸತ್ತವರ ನೆರಳು’ ನಾಟಕದ್ದು, ಸಂಗೀತ ಬಿ.ವಿ. ಕಾರಂತರದು ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಪದ ಪುರಂದರದಾಸರದು, ನಾಟಕ ಶ್ರೀರಂಗರದು, ಮಟ್ಟು ಕಾರಂತರದು. ಹಾಡು ಚೆನ್ನಾಗಿಯೇ ಇರುತ್ತದೆ, ನಾನೂ ತಲೆದೂಗಿದ್ದೇನೆ. ಆದರೆ ಆ ಹಾಡು ಹುಟ್ಟಿದ ಗಳಿಗೆಯಲ್ಲಿ ರಂಗದ ಮೇಲೆ ಯಾರು ನಿಂತಿದ್ದರು, ಯಾರ ಮೋಸ ಬಯಲಾಗುತ್ತಿತ್ತು, ಮೇಳ ಯಾವ ಕಡೆಯಿಂದ ನುಗ್ಗಿ ಬರುತ್ತಿತ್ತು ಎಂಬುದೊಂದೂ ಆ ವೇದಿಕೆಯಲ್ಲಿ ಕಾಣುವುದಿಲ್ಲ.

ಕಾರಂತರ ಬಗ್ಗೆ ಬರೆಯುವವರು ಅವರನ್ನು ‘ರಂಗಸಂಗೀತದ ಮಾಂತ್ರಿಕ’ ಎಂದು ಕರೆದು ಮುಂದೆ ಸಾಗುವುದೇ ಹೆಚ್ಚು. ಮಂತ್ರ ಎಂದಕೂಡಲೇ ವಿಚಾರ ನಿಂತುಬಿಡುತ್ತದೆ. ಅವರು ಮಾಡಿದ್ದು ಬಿಡಿಸಿ ನೋಡಬಹುದಾದ ಕೆಲಸ. ನಾಟಕದೊಳಗೆ ಗಂಟು ಹಾಕಿಕೊಂಡು ಕೂತಿದ್ದ ‘ಹಾಡು’ ಎಂಬ ಘಟಕವನ್ನು ಒಡೆದು ಅದನ್ನು ದೃಶ್ಯದ ಮೈತುಂಬಾ ಹರಡಿದರು. ಹಾಗೆ ಮಾಡಿದವರದೇ ಕೆಲಸದಲ್ಲಿ ಇಂದು ಹೆಚ್ಚು ಬಳಕೆಯಲ್ಲಿ ಉಳಿದಿರುವುದು ಬಿಡಿಬಿಡಿ ಹಾಡುಗಳು! ಈ ವಿಪರ್ಯಾಸವನ್ನು ಇಟ್ಟುಕೊಂಡೇ ಅವರ ರಂಗಜೀವನವನ್ನು ಒಮ್ಮೆ ಸುತ್ತಿ ಬರಬೇಕು.

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ. ಶಾಲೆಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ್ದು ಅವರ ಮೊದಲ ಬಣ್ಣ. ಅದಕ್ಕಿಂತ ಮುಖ್ಯವಾದ ಶಾಲೆ ಗದ್ದೆಬಯಲಿನಲ್ಲಿತ್ತು. ಅದು ಯಕ್ಷಗಾನದ ತೆಂಕುತಿಟ್ಟಿನ ಸೀಮೆ. ಚೆಂಡೆಯ ಪೆಟ್ಟು ಎರಡು ಊರಾಚೆಗೆ ಕೇಳಿಸಿದರೆ ಆಟ ಶುರುವಾಯಿತೆಂದು ಜನ ಸೂಟೆ ಹಿಡಿದು ಹೊರಡುತ್ತಿದ್ದ ಕಾಲ ಅದು. ಯಕ್ಷಗಾನದಲ್ಲಿ ಕಥೆಯನ್ನು ನಡೆಸುವವರು ಜಾಗಟೆ ಹಿಡಿದ ಭಾಗವತರು. ಪದ್ಯ ಅವರದು, ಅರ್ಥ ವೇಷಧಾರಿಯದು. ಹಾಡು ಬಂತೆಂದು ಅಲ್ಲಿ ಕಥೆ ನಿಲ್ಲುವುದಿಲ್ಲ, ಹಾಡಿನ ಬೆನ್ನೇರಿಯೇ ಅದು ಮುಂದೆ ಹೋಗುತ್ತದೆ. ಹಿಮ್ಮೇಳದವರು ರಂಗದ ಮೇಲೆಯೇ ಕಣ್ಣಿಗೆ ಬೀಳುವಂತೆ ಇರುತ್ತಾರೆ, ಅದರಿಂದ ಯಾರಿಗೂ ಆಭಾಸವೆನಿಸುವುದಿಲ್ಲ.

ಮನೆ ಬಿಟ್ಟು ಹೋದ ಹುಡುಗ ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. 1884ರಲ್ಲಿ ಶುರುವಾಗಿದ್ದ ಆ ಕಂಪನಿ ಅಷ್ಟು ಹೊತ್ತಿಗೆ ತಾನೇ ಒಂದು ಊರಿನಂತಿತ್ತು. ಅಲ್ಲಿನ ಸಂಗೀತದ ನ್ಯಾಯವೇ ಬೇರೆ. ಕಾಲು ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು ಶ್ರುತಿ ಕೊಟ್ಟರೆ ನಟ ದೀಪದ ಹತ್ತಿರ ಬಂದು ನಿಲ್ಲುತ್ತಾನೆ. ಕಂದ, ಸೀಸ ಪದ್ಯಗಳು, ಮರಾಠಿ ಮತ್ತು ಪಾರ್ಸಿ ನಾಟಕಗಳಿಂದ ಬಂದ ಮಟ್ಟುಗಳು, ಅದರ ಮೇಲೊಂದಿಷ್ಟು ಆಲಾಪ. ಜನ ‘ಒನ್ಸ್ ಮೋರ್’ ಅಂದರೆ ಸತ್ತು ಬಿದ್ದವನೂ ಎದ್ದು ಇನ್ನೊಮ್ಮೆ ಹಾಡಬೇಕು. ಕಥೆ ಅಲ್ಲಿ ಹಾಡಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತದೆ. ಇದನ್ನು ಗೇಲಿ ಮಾಡುವುದು ಸುಲಭ, ಹವ್ಯಾಸಿಗಳು ಬಹಳ ಕಾಲ ಮಾಡಿದರು ಕೂಡ. ಕಾರಂತರು ಮಾತ್ರ ಮಾಡಲಿಲ್ಲ. ಐದು ಸಾವಿರ ಕಿವಿಗಳನ್ನು ಒಂದು ದನಿ ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬ ಪಾಠ ಅವರಿಗೆ ಸಿಕ್ಕಿದ್ದು ಅಲ್ಲಿಯೇ.

ಅವರನ್ನು ಓದಲೆಂದು ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ., ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ. ಠಾಕೂರರ ಗಾಯನದಲ್ಲಿ ಸ್ವರಕ್ಕೆ ಅಭಿನಯವಿತ್ತು ಎನ್ನುವುದು ಅವರ ಧ್ವನಿಮುದ್ರಿಕೆ ಕೇಳಿದ ಯಾರಿಗೂ ತಿಳಿಯುವ ಮಾತು. ಒಂದೇ ಸ್ವರವನ್ನು ಪಿಸುಮಾತಿನಿಂದ ಗರ್ಜನೆಯವರೆಗೆ ಎಳೆಯುವ ಆ ಪರಿ ರಾಗದ ಶುದ್ಧಿ ಬಯಸುವವರಿಗೆ ಅತಿ ಎನಿಸೀತು. ನಾಟಕದವನಿಗೆ ಅದು ಬಂಗಾರ. ಅಲ್ಲಿಂದ ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಯಕ್ಷಗಾನದ ಹಿಮ್ಮೇಳ, ಕಂಪನಿಯ ಪೆಟ್ಟಿಗೆ, ಕಾಶಿಯ ಆಲಾಪ ಮೂರನ್ನೂ ಕಿವಿಯಲ್ಲಿ ಹೊತ್ತು ಆಧುನಿಕ ನಾಟಕ ಶಾಲೆಯಿಂದ ಹೊರಬಿದ್ದವರು ಆ ಕಾಲದ ಭಾರತದಲ್ಲಿ ಹೆಚ್ಚಿರಲಾರರು.

ಇಷ್ಟೆಲ್ಲ ಸಿದ್ಧತೆ ಕನ್ನಡಕ್ಕೆ ಒದಗಿದ್ದು 1972ರಲ್ಲಿ. ಬೆಂಗಳೂರಿನಲ್ಲಿ ನಡೆದ ಬಯಲು ರಂಗೋತ್ಸವದಲ್ಲಿ ಅವರು ಲಂಕೇಶರು ಕನ್ನಡಿಸಿದ ಈಡಿಪಸ್, ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದರು. ಗ್ರೀಕರ ದುರಂತ, ಹನ್ನೆರಡನೇ ಶತಮಾನದ ಕಲ್ಯಾಣ, ಉತ್ತರ ಕರ್ನಾಟಕದ ಫಲವಂತಿಕೆಯ ದೇವರು, ಮೂರೂ ಒಂದೇ ಆಕಾಶದ ಕೆಳಗೆ. ಅಲ್ಲಿಯವರೆಗೆ ನವ್ಯ ನಾಟಕ ಎಂದರೆ ನಾಲ್ಕು ಗೋಡೆಯ ನಡುವೆ ಕುರ್ಚಿ ಹಾಕಿ ಕೂತು ಮಾತಾಡುವುದು ಎಂಬಂತಿತ್ತು. ಹಾಡು ಎಂದರೆ ಕಂಪನಿಯವರ ಹಳೇ ಚಾಳಿ. ‘ಜೋಕುಮಾರಸ್ವಾಮಿ’ಯ ಹಾಡುಗಳು ಕಂಬಾರರವೇ, ಧಾಟಿಗಳ ಬೇರು ಅವರ ಘೋಡಗೇರಿಯ ಸುತ್ತಲಿನ ಬಯಲಾಟದಲ್ಲಿತ್ತು. ಹಾಗಾಗಿ ಇಲ್ಲಿ ಕಾರಂತರು ಸಂಗೀತ ‘ಕೊಟ್ಟರು’ ಎನ್ನುವುದಕ್ಕಿಂತ, ಬೆಳಗಾವಿ ಸೀಮೆಯ ಕಂಠಕ್ಕೆ ಕರಾವಳಿಯ ಕಿವಿ ಕೊಟ್ಟರು ಎನ್ನುವುದು ಸರಿ. ಎಲ್ಲಿ ಹಾಡನ್ನು ಪೂರ್ತಿ ಬಿಡಬೇಕು, ಎಲ್ಲಿ ಒಂದು ಸಾಲಿಗೆ ಕತ್ತರಿಸಿ ಮಾತಿನೊಳಗೆ ಸೇರಿಸಬೇಕು ಎಂಬ ತೀರ್ಮಾನಗಳಲ್ಲಿ ನಿರ್ದೇಶಕ ಯಾವನು, ಸಂಗೀತಗಾರ ಯಾವನು ಎಂದು ಗೆರೆ ಎಳೆಯಲಾಗದು.

‘ಹಯವದನ’ದ ಹುಟ್ಟಿನಲ್ಲೇ ಕಾರಂತರಿದ್ದಾರೆ. ಅದಲುಬದಲಾದ ತಲೆಗಳ ಕಥೆಯನ್ನು ಗಿರೀಶ ಕಾರ್ನಾಡರು ಮೊದಲು ಯೋಚಿಸಿದ್ದು ಸಿನಿಮಾಕ್ಕೆಂದು. ಅದು ನಾಟಕವಾಗಬೇಕು ಎಂದು ಹಿಡಿದವರು ಕಾರಂತರು. ನಾಟಕದಲ್ಲಿ ಭಾಗವತನಿದ್ದಾನೆ, ಗಣಪನ ಪೂಜೆಯಿದೆ, ಮುಖವಾಡವಿದೆ, ಇವನ್ನೆಲ್ಲ ಎಲ್ಲರೂ ಗುರುತಿಸುತ್ತಾರೆ. ನನಗೆ ಅದರ ಕೊನೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕುದುರೆ ಮುಖದ ಮನುಷ್ಯ ಪೂರ್ತಿ ಮನುಷ್ಯನಾಗಲು ಹೋಗಿ ಪೂರ್ತಿ ಕುದುರೆಯಾಗಿ ಬರುತ್ತಾನೆ. ಆದರೆ ದನಿ ಮಾತ್ರ ಮನುಷ್ಯನದಾಗಿಯೇ ಉಳಿದುಬಿಟ್ಟಿದೆ. ಅದನ್ನು ಕಳೆದುಕೊಳ್ಳಲು ದೇಶಭಕ್ತಿ ಗೀತೆಗಳನ್ನು ಹಾಡುತ್ತಾನೆ! ಕಡೆಗೆ ಮಾತಾಡದೆ ಕೂತಿದ್ದ ಮಗುವೊಂದು ನಗುತ್ತದೆ, ಅದರ ಜೊತೆ ನಕ್ಕೂ ನಕ್ಕೂ ಅವನ ನಗು ಹೇಷಾರವವಾಗುತ್ತದೆ. ಅಲ್ಲಿಗೆ ಅವನಿಗೆ ಬಿಡುಗಡೆ. ಮಾತು, ಹಾಡು, ನಗು, ಕೆನೆತ, ಹೀಗೆ ದನಿಯ ಅಷ್ಟೂ ಮೆಟ್ಟಿಲುಗಳನ್ನು ಇಳಿದು ಮುಗಿಯುವ ಇನ್ನೊಂದು ಕನ್ನಡ ನಾಟಕ ನನಗೆ ನೆನಪಾಗುತ್ತಿಲ್ಲ. ಕಾರಂತರಂಥ ನಿರ್ದೇಶಕನ ಕೈಗೆ ಅದು ಸಿಕ್ಕಿದ್ದೂ, ಅದನ್ನು ಹಿಂದಿಗೆ ಅನುವಾದಿಸಿದವರು ಅವರೇ ಆಗಿದ್ದೂ ಬರಿಯ ಆಕಸ್ಮಿಕವೆನಿಸುವುದಿಲ್ಲ.

ಬೆಂಗಳೂರು ನಗರ ಕಲಾವಿದರು, ಅಂದರೆ ಬೆನಕ, ಹುಟ್ಟಿದ್ದು ಈ ಹುಮ್ಮಸ್ಸಿನಲ್ಲಿ. ಅದರ ‘ಸತ್ತವರ ನೆರಳು’ ಮೇಲ್ನೋಟಕ್ಕೆ ಹಾಡು ಬೇಡದ ನಾಟಕ. ಶ್ರೀರಂಗರು ಮಾತಿನ ಮೊನಚಿನ ನಾಟಕಕಾರರು, ಮಠ ಮತ್ತು ಅಧಿಕಾರದ ಮೇಲಿನ ವಿಡಂಬನೆಯಲ್ಲಿ ಅವರು ಹಾಡಿಗೆ ಕಾಯುತ್ತಿರಲಿಲ್ಲ. ಕಾರಂತರು ಅದರ ನಡುವೆ ದಾಸರ ಪದಗಳನ್ನು ತಂದಿಟ್ಟರು. ದಾಸರ ಪದ ಎಂದರೆ ಭಜನೆ, ಮನೆಯ ದೇವರ ಕೋಣೆ, ಅಜ್ಜಿಯ ಬೆಳಗು. ಅವು ಕಪಟದ ಪಕ್ಕದಲ್ಲಿ ಕೇಳಿಸಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಭಕ್ತಿಯ ಹೆಸರಲ್ಲಿ ನಡೆಯುವ ವ್ಯಾಪಾರದ ಬಣ್ಣ ಬಯಲಾಗುತ್ತದೆ, ಆದರೆ ಭಕ್ತಿ ಮಲಿನವಾಗುವುದಿಲ್ಲ. ಮಟ್ಟು ಎಷ್ಟು ಸರಳವೆಂದರೆ ಎದ್ದು ಹೋಗುವಾಗ ಪ್ರೇಕ್ಷಕ ಅದನ್ನೇ ಗುನುಗುತ್ತಾನೆ, ಗುನುಗುತ್ತಾ ತಾನು ಎಲ್ಲಿ ನಕ್ಕೆ ಎಂಬುದನ್ನೂ ನೆನೆಸಿಕೊಳ್ಳುತ್ತಾನೆ. ಲೇಖನದ ಆರಂಭದಲ್ಲಿ ಹೇಳಿದ ರಂಗಗೀತೆ ಕಾರ್ಯಕ್ರಮದಲ್ಲಿ ಕಳೆದುಹೋಗುವುದು ಈ ಎರಡನೆಯ ಗುನುಗು. ಅಲ್ಲಿ ದಾಸರ ಪದ ಮತ್ತೆ ಭಜನೆಯಾಗಿ ಮನೆ ಸೇರುತ್ತದೆ.

ಅವರ ಸಂಗೀತ ಹುಟ್ಟುತ್ತಿದ್ದುದು ತಾಲೀಮಿನಲ್ಲಿ. ಬಿದಿರು ಕೋಲು, ಡಬ್ಬ, ತೆಂಗಿನ ಚಿಪ್ಪು, ಒಣಎಲೆ, ಸುಮ್ಮನೆ ಬಾಯಿಂದ ಹೊರಡುವ ಗುಂಯ್‌ಗುಡುವಿಕೆ, ಶಬ್ದ ಮಾಡುವ ಯಾವುದೂ ಅವರಿಗೆ ವಾದ್ಯವೇ. ಸಂಗೀತ ಕಲಿತವರೇ ಬೇಕೆಂದೂ ಇರಲಿಲ್ಲ. ಶ್ರುತಿ ತುಸು ಅತ್ತಿತ್ತ ಇರುವ ಹತ್ತು ಗಂಟಲು ಒಟ್ಟಾದಾಗ ಬರುವ ಒರಟು ಅವರಿಗೆ ಇಷ್ಟ. ಪಳಗಿದ ಒಬ್ಬ ಗಾಯಕನಿಂದ ಅದು ಬರುವುದಿಲ್ಲ. ಮೇಳ ಬರಿ ಹಾಡುವುದಿಲ್ಲ, ಮರವಾಗಿ ನಿಲ್ಲುತ್ತದೆ, ಬಾಗಿಲಾಗುತ್ತದೆ, ಊರಾಗುತ್ತದೆ, ಹಾಗೆ ಆಗುವಾಗಿನ ಸದ್ದೇ ಸಂಗೀತ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ರಂಗದ ಕೆಳಗಿದ್ದರು. ಯಕ್ಷಗಾನದಲ್ಲಿ ಹಿಮ್ಮೇಳ ಹಿಂದಿತ್ತು. ಕಾರಂತರು ಅದನ್ನು ನಟರ ಮೈಗೇ ವರ್ಗಾಯಿಸಿದರು. ನನ್ನ ಲೆಕ್ಕದಲ್ಲಿ ಅವರು ಹಾಕಿದ ಯಾವ ಮಟ್ಟಿಗಿಂತಲೂ ದೊಡ್ಡ ಕೆಲಸ ಇದು.

ಸಿನಿಮಾದಲ್ಲೂ ಇದೇ ಕಿವಿ. ಕಾರ್ನಾಡರೊಡನೆ ನಿರ್ದೇಶಿಸಿದ ‘ವಂಶವೃಕ್ಷ’ಕ್ಕೆ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ‘ಚೋಮನ ದುಡಿ’ 1975ರ ಸ್ವರ್ಣಕಮಲ ಪಡೆಯಿತು. ಶಿವರಾಮ ಕಾರಂತರ ಆ ಕಾದಂಬರಿಯಲ್ಲಿ ಚೋಮನಿಗೆ ಬಾಯಿಂದ ಹೇಳಲಾಗದ್ದನ್ನೆಲ್ಲ ಹೇಳುವುದು ಗೋಡೆಗೆ ತೂಗುಹಾಕಿದ ದುಡಿ. ಭೂಮಿ ಸಿಗದ ಸಿಟ್ಟು, ಮಕ್ಕಳ ಸಾವು, ಹಸಿವು, ಎಲ್ಲಕ್ಕೂ ಅವನ ಉತ್ತರ ಚರ್ಮದ ಮೇಲೆ ಬೀಳುವ ಪೆಟ್ಟು. ಇಂಥ ಕಥೆಗೆ ಹಿನ್ನೆಲೆ ಸಂಗೀತವೆಂದು ಬೇರೆ ಏನನ್ನಾದರೂ ಹೊಂದಿಸಹೊರಟರೆ ಅದು ಚೋಮನಿಗೆ ಮಾಡುವ ಅವಮಾನ. ಬಿ.ವಿ. ಕಾರಂತರು ನಿರ್ದೇಶಕರೂ ಸಂಗೀತ ನಿರ್ದೇಶಕರೂ ಆಗಿದ್ದರಿಂದ ದುಡಿ ಚಿತ್ರದ ಮುಖ್ಯಪಾತ್ರವಾಗಿಯೇ ಉಳಿಯಿತು. ಸಂಗೀತಕ್ಕೆಂದೇ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು 1976ರ ‘ಋಷ್ಯಶೃಂಗ’ ಮತ್ತು 1977ರ ‘ಘಟಶ್ರಾದ್ಧ’ ಚಿತ್ರಗಳಿಗೆ. ರೇಡಿಯೋದ ಕೋರಿಕೆ ಕಾರ್ಯಕ್ರಮಕ್ಕೆ ಜನ ಬರೆದು ಕೇಳುವಂಥ ಹಾಡುಗಳಿಗೆ ಸಂದ ಗೌರವ ಅದಲ್ಲ.

1977ರಲ್ಲಿ ಅವರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಹಿಂದಿನ ನಿರ್ದೇಶಕ ಅಲ್ಕಾಜಿಯವರ ಹದಿನೈದು ವರ್ಷಗಳ ಶಿಸ್ತಿನ ನಂತರ. ಅಲ್ಕಾಜಿ ಕಣ್ಣಿನ ನಿರ್ದೇಶಕರು ಎನ್ನುವುದಾದರೆ ಕಾರಂತರು ಕಿವಿಯವರು. ಇದು ತುಸು ಒರಟು ವಿಂಗಡಣೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅವರ ಅವಧಿಯಲ್ಲಿ ಶಾಲೆ ದೆಹಲಿ ಬಿಟ್ಟು ಬೇರೆ ಬೇರೆ ರಾಜ್ಯಗಳಿಗೆ ಶಿಬಿರಗಳನ್ನು ಒಯ್ದಿತು. 1979ರ ‘ಬರ್ನಮ್ ವನ’ ಆ ದಿನಗಳದು. ರಘುವೀರ ಸಹಾಯರ ಹಿಂದಿಯಲ್ಲಿ ಮ್ಯಾಕ್‌ಬೆತ್, ನಡೆಯಲ್ಲಿ ಯಕ್ಷಗಾನ. ಕಾಡು ನಡೆದು ಬರುತ್ತದೆ ಎಂಬ ಷೇಕ್ಸ್‌ಪಿಯರನ ಭವಿಷ್ಯವಾಣಿಯನ್ನು ಅವರು ಮನುಷ್ಯನ ದುರಾಸೆಯೇ ಕಾಡಾಗಿ ಬೆಳೆದು ಅವನನ್ನು ಸುತ್ತುವರಿಯುವ ಚಿತ್ರವಾಗಿ ಓದಿದರು. ಚೆಂಡೆ ಕೇಳಿ ಬೆಳೆದ ಹುಡುಗನಿಗೆ ರಾಜನ ಒಡ್ಡೋಲಗ, ಯುದ್ಧ, ಮಾಯಾವಿನಿಯರು ಹೊಸಬರೇನಲ್ಲ. ಹಿಂದಿ ನಟರಿಗೆ ಆ ಹೆಜ್ಜೆ ಎಷ್ಟು ಮೈಗೂಡಿತು ಎಂಬ ಬಗ್ಗೆ ವಾದಗಳಿವೆ, ಇರಬೇಕಾದದ್ದೇ. ಕರಾವಳಿಯಲ್ಲಿ ಬಾಲ್ಯದಿಂದ ಕಲಿಯುವ ನಡೆಯನ್ನು ಕೆಲವು ತಿಂಗಳಲ್ಲಿ ಹಚ್ಚಿಕೊಂಡರೆ ಅದು ವೇಷದಂತೆ ಕಾಣುವ ಅಪಾಯ ಇದ್ದೇ ಇದೆ.

ಆಮೇಲೆ ಭೋಪಾಲದ ಭಾರತ ಭವನದ ರಂಗಮಂಡಲ. ಬುಂದೇಲಿ, ಮಾಳವಿ, ಛತ್ತೀಸಗಢಿಯಂಥ ಆಡುನುಡಿಗಳಲ್ಲಿ ಅಲ್ಲಿ ನಾಟಕಗಳು ಬಂದವು. ಪುಸ್ತಕದ ಹಿಂದಿಯಲ್ಲಿ ಸಿಗದ ಒಂದು ರಾಗ ಆ ನುಡಿಗಳ ಮಾತಿನಲ್ಲೇ ಇದೆ, ಕಾರಂತರಿಗೆ ಬೇಕಾಗಿದ್ದುದು ಅದು. ಆ ಅಧ್ಯಾಯ 1986ರಲ್ಲಿ ಒಂದು ದುರ್ಘಟನೆ, ಮೊಕದ್ದಮೆಗಳ ನೆರಳಿನಲ್ಲಿ ಮುಗಿಯಿತು.

ಇವರ ಬಗೆಗಿನ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಕಾರಂತರ ನಾಟಕದಲ್ಲಿ ಹಾಡು ಕೊಬ್ಬಿ ಮಾತು ಸೊರಗುತ್ತದೆ ಎಂಬುದು. ಕೆಲವು ಪ್ರಯೋಗಗಳ ಮಟ್ಟಿಗೆ ಇದನ್ನು ಒಪ್ಪದೆ ಗತ್ಯಂತರವಿಲ್ಲ. ಮಾತಿನ ತರ್ಕದ ಮೇಲೆಯೇ ನಿಂತ ನಾಟಕಕ್ಕೆ ಮೇಳ ಹಚ್ಚಿದರೆ ಪ್ರೇಕ್ಷಕ ತರ್ಕದ ಎಳೆ ಬಿಟ್ಟು ತಾಳದ ಎಳೆ ಹಿಡಿಯುತ್ತಾನೆ. ಎರಡನೆಯದು ಜಾನಪದದ್ದು. ಎಪ್ಪತ್ತರ ದಶಕದಲ್ಲಿ ಭಾರತದ ರಂಗಭೂಮಿ ಬೇರುಗಳನ್ನು ಹುಡುಕುತ್ತ ಹೊರಟಾಗ ಕಾರಂತರ ಜೊತೆ ಹಬೀಬ್ ತನ್ವೀರ್, ಕಾವಾಲಂ ನಾರಾಯಣ ಪಣಿಕ್ಕರ್, ರತನ್ ಥಿಯಾಮ್ ಅವರ ಹೆಸರುಗಳೂ ಕೇಳಿಬಂದವು. ಇದು ಊರಿನ ಕಲೆಯನ್ನು ಪೇಟೆಯ ಉತ್ಸವಕ್ಕೆ ಅಲಂಕಾರ ಮಾಡುವ ಕೆಲಸ ಎಂದು ಟೀಕಿಸಿದವರಿದ್ದಾರೆ. ತನ್ವೀರ್ ಛತ್ತೀಸಗಢದ ನಾಚಾ ಕಲಾವಿದರನ್ನೇ ತಮ್ಮ ತಂಡಕ್ಕೆ ಕರೆತಂದರು, ‘ಚರಣದಾಸ್ ಚೋರ್’ ಅವರ ಬಾಯಲ್ಲೇ ಬೆಳೆಯಿತು. ಕಾರಂತರು ಕಲಾವಿದರಿಗಿಂತ ಹೆಚ್ಚಾಗಿ ಕಲೆಯ ತತ್ವವನ್ನು ಎತ್ತಿಕೊಂಡರು, ಪೇಟೆಯ ನೌಕರಿಯ ಹುಡುಗರಿಗೆ ಅದನ್ನು ಕಲಿಸಿದರು. ಬೆನಕದ ನಟರು ಸಂಜೆ ಕಚೇರಿ ಬಿಟ್ಟು ತಾಲೀಮಿಗೆ ಬರುತ್ತಿದ್ದವರು. ಟೀಕೆಯ ಮೊನೆ ತನ್ವೀರರಿಗಿಂತ ಕಾರಂತರಿಗೆ ಹೆಚ್ಚು ತಾಗುವುದು ಸಹಜ. ಆದರೆ ಮಂಚಿಯಲ್ಲಿ ಹುಟ್ಟಿ, ಗುಬ್ಬಿ ಕಂಪನಿಯ ಅನ್ನ ಉಂಡವರು ಜಾನಪದಕ್ಕೆ ಹೊರಗಿನವರು ಎಂದು ಸಾಧಿಸುವುದೂ ಕಷ್ಟ.

ಮೂರನೆಯ ದೂರು ಅನುಕರಣೆಯದು, ಅದರ ಹೊಣೆ ಅವರದಲ್ಲ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಅಂತರಕಾಲೇಜು ನಾಟಕ ಸ್ಪರ್ಧೆ ನೋಡಿದವರಿಗೆ ಇದು ಗೊತ್ತು. ಕಪ್ಪು ಬಟ್ಟೆಯ ಎಂಟು ಜನ ಸಾಲಾಗಿ ಬರಬೇಕು, ಒಬ್ಬ ತಮಟೆ ಬಾರಿಸಬೇಕು, ಉಳಿದವರು ಅರ್ಧ ನಿಮಿಷ ‘ಓ’ ಎನ್ನಬೇಕು, ಆಮೇಲೆ ನಾಟಕ. ಕಥೆ ಬರದ ಬವಣೆಯದೋ ಬಹುರಾಷ್ಟ್ರೀಯ ಕಂಪನಿಯದೋ, ‘ಓ’ ಮಾತ್ರ ಅದೇ.

ಕಾರಂತರನ್ನು ‘ಬರಹಗಾರ’ ಎನ್ನಬಹುದೇ ಎಂಬ ಪ್ರಶ್ನೆಯೂ ಇದೆ. ಬರೆಯುವುದು, ಹಾಡು ಕಟ್ಟುವುದು, ಆಡಿಸುವುದು ಮೂರೂ ಒಬ್ಬರಲ್ಲೇ ಸೇರಿದ ಕನ್ನಡದ ಉದಾಹರಣೆ ಬೇಕಿದ್ದರೆ ಕಂಬಾರರ ಹೆಸರು ಮೊದಲು ನೆನಪಾಗುತ್ತದೆ. ಅವರು ನಿರ್ದೇಶಿಸಿ ಸಂಗೀತವನ್ನೂ ಕೊಟ್ಟ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದರು. ಕಾರಂತರ ಲೇಖನಿಯಿಂದ ಬಂದದ್ದು ಹೆಚ್ಚಾಗಿ ಅನುವಾದ, ರೂಪಾಂತರ. ಮಕ್ಕಳಿಗಾಗಿ ಮಾಡಿದ ‘ಪಂಜರ ಶಾಲೆ’ ರವೀಂದ್ರನಾಥ ಠಾಕೂರರ ಗಿಳಿಯ ಕಥೆಯಿಂದ ಬಂದದ್ದು. ಗಿಳಿಗೆ ವಿದ್ಯೆ ಕಲಿಸುವ ಭರದಲ್ಲಿ ಪಂಡಿತರು ಅದರ ಹಾಡನ್ನೇ ಅಡಗಿಸುವ ಕಥೆ. ಅದನ್ನು ಈ ಮನುಷ್ಯ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಆತ್ಮಕಥೆಯನ್ನೂ ಅವರು ಕೂತು ಬರೆಯಲಿಲ್ಲ. ಅವರು ಹೇಳಿದ್ದನ್ನು ವೈದೇಹಿಯವರು ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಎಂದು ನಿರೂಪಿಸಿದರು. ನೂರಕ್ಕೂ ಹೆಚ್ಚು ನಾಟಕಗಳನ್ನು ಕನ್ನಡ, ಹಿಂದಿಯೂ ಸೇರಿ ಹಲವು ಭಾಷೆಗಳಲ್ಲಿ ಆಡಿಸಿದವರು ಕಾಗದದ ಮೇಲೆ ಬಿಟ್ಟುಹೋದದ್ದು ಇಷ್ಟು ಕಡಿಮೆ.

1989ರಲ್ಲಿ ಕರ್ನಾಟಕ ಸರ್ಕಾರ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ಮೊದಲ ನಿರ್ದೇಶಕರಾಗಿ ಅವರು ಬಂದರು. ತಿಂಗಳ ಸಂಬಳ ಪಡೆದು ನಾಟಕವನ್ನೇ ಕೆಲಸವಾಗಿ ಮಾಡುವ ಸರ್ಕಾರಿ ತಂಡ ಕನ್ನಡಕ್ಕೆ ಹೊಸದು. ಕುವೆಂಪು ಅವರ ‘ಕಿಂದರಿಜೋಗಿ’ಯನ್ನು ಅವರು ಅಲ್ಲಿ ರಂಗಕ್ಕೆ ತಂದರು. ಕಿಂದರಿ ಬಾರಿಸುವವನ ಹಿಂದೆ ಇಲಿಗಳೂ ಮಕ್ಕಳೂ ಹೋಗುವ ಆ ಪದ್ಯಕ್ಕೆ ಕಾರಂತರೇ ಜೋಗಿ ಎಂದು ಯಾರಿಗಾದರೂ ಅನ್ನಿಸಿದ್ದರೆ ತಪ್ಪಿಲ್ಲ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಆಡಿಸಿದ್ದು ಇನ್ನೊಂದು ಬಗೆಯ ಪರೀಕ್ಷೆ. ಅದು ಗೇಯನಾಟಕ, ಕವಿ ತಾನೇ ರಾಗ ಕೇಳಿಸಿಕೊಂಡು ಬರೆದದ್ದು. ಕೃಷ್ಣ ಗೋಕುಲ ಬಿಟ್ಟು ಹೋಗುತ್ತಾನೆ, ಅಷ್ಟೇ ಘಟನೆ, ಉಳಿದದ್ದೆಲ್ಲ ಕೊಳಲು ನಿಂತ ಮೇಲಿನ ಬರಿದು. ಹಾಡನ್ನು ಒಡೆಯುತ್ತಾ ಬಂದವರು ಇಲ್ಲಿ ಹಾಡನ್ನು ಇಡಿಯಾಗಿ ನಂಬಬೇಕಾಯಿತು. ನಂಬಿದರು. ಅವರ ಕೊನೆಯ ವರ್ಷಗಳ ಕೆಲಸದಲ್ಲಿ ನನಗೆ ಪ್ರಿಯವಾದದ್ದು ಇದೇ.

2002ರ ಸೆಪ್ಟೆಂಬರ್ 1ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ರಂಗಾಯಣ ಈಗ ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲೂ ಇದೆ. ರಾಮಚಂದ್ರ ಪಿ.ಎನ್. ಅವರು ಮಾಡಿದ ‘ಬಾಬಾ’ ಸಾಕ್ಷ್ಯಚಿತ್ರ ಇದೆ. ಕಂಪನಿ ನಾಟಕಗಳ ಹಳೆಯ ಮಟ್ಟುಗಳನ್ನು ಹಾರ್ಮೋನಿಯಂ ಮೇಷ್ಟ್ರು ಆರ್. ಪರಮಶಿವನ್ ನೆನಪಿನಿಂದ ಎತ್ತಿ ಕಲಿಸಿದಂತೆ ಕಾರಂತರ ಮಟ್ಟುಗಳನ್ನೂ ಅವರ ಶಿಷ್ಯರು ಕಲಿಸುತ್ತಿದ್ದಾರೆ. ಆದರೆ ಈ ಎರಡು ಕಲಿಕೆಗಳೂ ಒಂದೇ ಅಲ್ಲ. ಕಂಪನಿಯ ಹಾಡು ಮೊದಲಿನಿಂದಲೂ ಕಥೆಯಿಂದ ಬಿಡಿಯಾಗಿ ನಿಲ್ಲಲು ತಯಾರಾದದ್ದು, ಅದನ್ನು ಕಛೇರಿಗೆ ತಂದರೆ ಕಳೆದುಕೊಳ್ಳುವುದು ಕಡಿಮೆ. ಕಾರಂತರದು ಹಾಗಲ್ಲ. ಯಾವ ಸ್ವರಕ್ಕೆ ಯಾರು ತಿರುಗಬೇಕು, ಎಷ್ಟು ಹೆಜ್ಜೆಗೆ ಸೊಲ್ಲು ನಿಲ್ಲಬೇಕು ಎಂಬುದೂ ಅಲ್ಲಿ ಮಟ್ಟಿನ ಭಾಗ.

ಅದು ಹೇಗೆ ದಾಟುತ್ತದೆಂದು ನೋಡಬೇಕಾದರೆ ರಂಗಗೀತೆ ಕಾರ್ಯಕ್ರಮ ಬಿಟ್ಟು ಬೆನಕದ ಹಳೆಯ ನಾಟಕ ಮತ್ತೆ ಏರುವ ದಿನ ಹೋಗಬೇಕು. ‘ಸತ್ತವರ ನೆರಳು’, ‘ಹಯವದನ’, ‘ಜೋಕುಮಾರಸ್ವಾಮಿ’ ಎಲ್ಲ ಅಲ್ಲಿ ಇನ್ನೂ ಓಡಾಡುತ್ತಿವೆ. ಮೊದಲ ಸಲ ಆಡಿದವರಲ್ಲಿ ಹಲವರು ಈಗಿಲ್ಲ. ಮೇಳದಲ್ಲಿ ಕಾರಂತರನ್ನು ಕಣ್ಣಾರೆ ಕಾಣದ ಹುಡುಗ ಹುಡುಗಿಯರು ನಿಂತಿರುತ್ತಾರೆ. ಹಾಡಿನ ನಡುವೆ ಅವರು ಥಟ್ಟನೆ ಒಂದು ಕಡೆಗೆ ತಿರುಗುತ್ತಾರೆ, ಗಂಟಲು ಅಲ್ಲೇ ಒರಟಾಗುತ್ತದೆ. ಪುಸ್ತಕದಲ್ಲಿ ಅದಿಲ್ಲ. ಪಕ್ಕದಲ್ಲಿ ನಿಂತ ಹಿರಿಯ ನಟ ತಿರುಗುತ್ತಿದ್ದುದನ್ನು ನೋಡಿ ಕಲಿತದ್ದು ಅದು.